ಬಿಸ್ಕತ್ತು ಇಲ್ಲದೆಯೂ ಕೆಂಚ ಬರಬೇಕು ಅಂದರೆ

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ ಸಣ್ಣ ಕಾಫಿ ತೋಟ. ಕೆಂಚ ಅಂತ ಒಂದು ನಾಯಿ ಇದೆ. ತೋಟದ ಆಳುಗಳಿರುವ ಲೈನ್ ಮನೆ ಹತ್ತಿರ ಹುಟ್ಟಿದ ನಾಡುನಾಯಿ ಮರಿ, ಈಗ 14 ತಿಂಗಳು. ಚಿಕ್ಕಂದಿನಿಂದ ಬಿಸ್ಕತ್ತು ತೋರಿಸಿ ‘ಕೂತ್ಕೋ’, ‘ಬಾ’, ‘ಕೈ ಕೊಡು’ ಎಲ್ಲ ಕಲಿಸಿದ್ದೇನೆ. ಕೈಯಲ್ಲಿ ಬಿಸ್ಕತ್ತು ಇದ್ದರೆ ಹೇಳಿದ್ದೆಲ್ಲ ಮಾಡುತ್ತಾನೆ. ಇಲ್ಲದಿದ್ದರೆ ಕೈ ನೋಡಿ ಹಾಗೇ ಹೊರಟುಹೋಗುತ್ತಾನೆ. ಹೋದ ತಿಂಗಳು ತೋಟಕ್ಕೆ ಆನೆ ಬಂದಾಗ ಎಷ್ಟು ಕರೆದರೂ ಬರಲಿಲ್ಲ. ಅಪ್ಪ, ‘ನಾಲ್ಕು ಬಿಗಿ, ಸರಿಹೋಗ್ತಾನೆ. ಯಜಮಾನ ಯಾರು ಅಂತ ಗೊತ್ತಾಗ್ಬೇಕು’ ಅನ್ನುತ್ತಾರೆ. ಗೆಳೆಯನೊಬ್ಬ ಕರೆಂಟ್ ಹೊಡೆಯುವ ಕಾಲರ್ ತರಿಸು ಅಂದ. ನನಗೆ ಎರಡೂ ಇಷ್ಟವಿಲ್ಲ. ಬಿಸ್ಕತ್ತಿನ ಹಂಗಿಲ್ಲದೆ ಮಾತು ಕೇಳುವ ಹಾಗೆ ಮಾಡುವುದು ಹೇಗೆ? ಮನೆಯಲ್ಲಿ ಬೆಳ್ಳಿ ಅಂತ 9 ವರ್ಷದ ಇನ್ನೊಂದು ನಾಯಿಯೂ ಇದೆ. ಅವಳಿಗೂ ಈಗ ಕಲಿಸಬಹುದಾ?

ಉತ್ತರ: ನಿಮ್ಮ ಕೆಂಚ ಹಟಮಾರಿಯಲ್ಲ. ನೀವು ಏನು ಕಲಿಸಿದಿರೋ ಅದನ್ನೇ ಕಲಿತಿದ್ದಾನೆ. ಮರಿಯಾಗಿದ್ದಾಗಿನಿಂದ ಪ್ರತಿ ಸಲ ಮೊದಲು ಬಿಸ್ಕತ್ತು ಕಾಣಿಸಿತು, ಆಮೇಲೆ ‘ಕೂತ್ಕೋ’ ಅನ್ನುವ ಸದ್ದು ಬಂತು, ಆಮೇಲೆ ಅವನು ಕೂತ, ತಿಂದ. ಹಾಗಾಗಿ ಅವನ ಪಾಲಿಗೆ ಅಪ್ಪಣೆ ಅಂದರೆ ನಿಮ್ಮ ಮಾತಲ್ಲ, ಬಿಸ್ಕತ್ತು ಹಿಡಿದ ಕೈ. ಆ ಕೈ ಖಾಲಿ ಇದ್ದರೆ ಅಪ್ಪಣೆಯೇ ಆಗಿಲ್ಲ ಅಂತ ಅವನು ತಿಳಿಯುತ್ತಾನೆ. ಹೊರಟುಹೋಗುವುದು ಅದಕ್ಕೇ.

ಇವತ್ತು ಸಂಜೆ ಒಂದು ಪರೀಕ್ಷೆ ಮಾಡಿ. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂರಿ. ಎರಡೂ ಕೈ ಕಟ್ಟಿಕೊಳ್ಳಿ. ಕತ್ತು, ಭುಜ ಏನೂ ಅಲ್ಲಾಡಿಸದೆ ಒಂದೇ ಸಲ, ಮಾಮೂಲಿ ದನಿಯಲ್ಲಿ ‘ಕೂತ್ಕೋ’ ಅನ್ನಿ. ತರಬೇತಿಗೆ ಅಂತ ನನ್ನ ಹತ್ತಿರ ಬರುವ ಹತ್ತು ನಾಯಿಗಳಲ್ಲಿ ಏಳೆಂಟು ಸುಮ್ನೆ ಮುಖ ನೋಡುತ್ತಾ ನಿಲ್ಲುತ್ತವೆ. ಮಾತು ಅವಕ್ಕೆ ಗೊತ್ತೇ ಇರುವುದಿಲ್ಲ. ಅವು ಕಲಿತಿರುವುದು ಬೆರಳು ಮೇಲೆ ಹೋಗುವ ರೀತಿ, ನಾವು ಬಗ್ಗುವ ರೀತಿ, ಪೊಟ್ಟಣದ ಚರಪರ ಸದ್ದು. ಕೆಂಚನೂ ಹಾಗೇ ನಿಂತರೆ ಬೈಯಬೇಡಿ. ಗೊತ್ತಿದ್ದೂ ಮಾಡದಿರುವುದು ಬೇರೆ, ಗೊತ್ತೇ ಇಲ್ಲದಿರುವುದು ಬೇರೆ, ಅಲ್ವಾ?

ತೋಟದವರಿಗೆ ನಾನು ಇದನ್ನು ಬಟವಾಡೆ ಲೆಕ್ಕದಲ್ಲಿ ಹೇಳುತ್ತೇನೆ. ಬೆಳಿಗ್ಗೆ ಆಳುಗಳು ಕೆಲಸಕ್ಕೆ ಬಂದಾಗ ನೀವು ಯಾರ ಮುಂದೆಯೂ ನೋಟು ಹಿಡಿದು ‘ಬಾ, ಗುದ್ದಲಿ ಹಿಡಿ’ ಅನ್ನುವುದಿಲ್ಲ. ವಾರದ ಕೊನೆಗೆ ಬಟವಾಡೆ ಆಗುತ್ತದೆ ಅನ್ನುವ ನಂಬಿಕೆ ಇದೆ, ಅದಕ್ಕೇ ಬರುತ್ತಾರೆ. ಮೊದಲೇ ತೋರಿಸಿ ಕರೆದರೆ ಅದು ಆಮಿಷ. ಕೆಲಸ ಆದಮೇಲೆ ಕೊಟ್ಟರೆ ಅದು ಕೂಲಿ. ನೀವು ಕೆಂಚನಿಗೆ ಈವರೆಗೆ ಆಮಿಷ ತೋರಿಸಿದ್ದೀರಿ. ಇನ್ನು ಮುಂದೆ ಕೂಲಿ ಕೊಡಿ. ಆದರೆ ನೆನಪಿರಲಿ, ನಾಲ್ಕು ವಾರ ಬಟವಾಡೆಯೇ ಆಗದಿದ್ದರೆ ಯಾವ ಆಳೂ ತೋಟಕ್ಕೆ ಬರುವುದಿಲ್ಲ. ‘ಬಿಸ್ಕತ್ತಿಲ್ಲದೆ ಮಾತು ಕೇಳಬೇಕು’ ಅಂದರೆ ‘ಏನೂ ಇಲ್ಲದೆ ಕೇಳಬೇಕು’ ಅಂತ ಅಲ್ಲ. ಯಾವ ಪ್ರಾಣಿಯೂ ಹಾಗೆ ಕೇಳುವುದಿಲ್ಲ. ಕೂಲಿ ಬಿಸ್ಕತ್ತೇ ಆಗಬೇಕಿಲ್ಲ, ಕಣ್ಣೆದುರು ಕಾಣಬೇಕಿಲ್ಲ, ಪ್ರತಿ ಸಲ ಸಿಗಬೇಕಿಲ್ಲ. ನನ್ನ ಉತ್ತರ ಇಷ್ಟೇ. ಆದರೆ ಮಾಡುವ ಕ್ರಮದಲ್ಲಿ ತುಂಬಾ ಜನ ಎಡವುತ್ತಾರೆ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಮೊದಲ ಕೆಲಸ, ಬಿಸ್ಕತ್ತನ್ನು ಕೈಯಿಂದ, ಜೇಬಿನಿಂದ ದೂರ ಮಾಡುವುದು. ಒಂದು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಜಗಲಿಯ ಮೇಲಿನ ಹಲಗೆಯಲ್ಲಿಡಿ. ಖಾಲಿ ಕೈಯಲ್ಲಿ ಮೊದಲಿನ ಹಾಗೇ ಸನ್ನೆ ಮಾಡಿ. ಅವನು ಕೂತ ಕ್ಷಣವೇ, ಹಿಂಭಾಗ ನೆಲಕ್ಕೆ ತಾಗಿದ ಕೂಡಲೇ, ‘ಶಭಾಷ್’ ಅನ್ನಿ. ಆಮೇಲೆ ಇಬ್ಬರೂ ಡಬ್ಬಿಯ ಹತ್ತಿರ ಹೋಗಿ, ಒಂದು ಸಣ್ಣ ಚೂರು ಕೊಡಿ. ಹೆಬ್ಬೆರಳಿನ ಉಗುರಿನಷ್ಟು ಸಾಕು. ಮೂರ್ನಾಲ್ಕು ದಿನ ಹೀಗೆ ಮಾಡಿದರೆ ಖಾಲಿ ಕೈಯನ್ನೂ ಅವನು ನಂಬುವುದಕ್ಕೆ ಶುರು ಮಾಡುತ್ತಾನೆ.

ಆ ‘ಶಭಾಷ್’ ಮಾತ್ರ ಸುಮ್ನೆ ಹೊಗಳಿಕೆ ಅಂದುಕೊಳ್ಳಬೇಡಿ. ನಾಯಿಗೆ ಕೆಲಸ ಮತ್ತು ಕೂಲಿಯ ನಡುವೆ ಒಂದೆರಡು ಸೆಕೆಂಡಿಗಿಂತ ಜಾಸ್ತಿ ಅಂತರ ಬಿದ್ದರೆ ಯಾವುದಕ್ಕೆ ಕೊಟ್ಟಿರಿ ಅಂತ ಗೊತ್ತಾಗುವುದಿಲ್ಲ. ಕೂತಿದ್ದಕ್ಕೋ, ಎದ್ದು ಬಾಲ ಅಲ್ಲಾಡಿಸಿದ್ದಕ್ಕೋ? ಡಾಲ್ಫಿನ್‌ಗಳಿಗೆ ಕಲಿಸುವವರಿಗೂ ಇದೇ ತೊಂದರೆ. ಅದು ಮೇಲೆ ಹಾರಿದ ಕ್ಷಣಕ್ಕೇ ಬಾಯಿಗೆ ಮೀನು ಕೊಡಲು ಆಗುವುದಿಲ್ಲ. ಹಾಗಾಗಿ ಆ ಕ್ಷಣಕ್ಕೆ ಸಿಳ್ಳೆ ಊದುತ್ತಾರೆ, ಮೀನು ಆಮೇಲೆ. ನಿಮ್ಮ ‘ಶಭಾಷ್’ ಆ ಸಿಳ್ಳೆ ಇದ್ದ ಹಾಗೆ. ಊಟದ ಜೊತೆ ಜೋಡಿಸಿದ ಸದ್ದಿಗೆ ನಾಯಿಯ ಬಾಯಲ್ಲಿ ನೀರೂರುತ್ತದೆ ಅಂತ ರಷ್ಯಾದ ಪಾವ್ಲೋವ್ ನೂರು ವರ್ಷಕ್ಕೂ ಹಿಂದೆ ತೋರಿಸಿಕೊಟ್ಟರು. ಊಟದ ಜೊತೆ ಜೋಡಿಸುವುದನ್ನು ಪೂರ್ತಿ ನಿಲ್ಲಿಸಿದರೆ ಆ ಸದ್ದಿನ ಬೆಲೆ ಕರಗುತ್ತದೆ ಅನ್ನುವುದನ್ನೂ ಅವರೇ ತೋರಿಸಿದರು. ಹಾಗಾಗಿ ದಿನವಿಡೀ ಸುಮ್ಮಸುಮ್ಮನೆ ‘ಶಭಾಷ್ ಶಭಾಷ್’ ಅನ್ನಬೇಡಿ. ಮನೆಯವರಿಗೂ ಹೇಳಿಡಿ.

ಒಂದು ವಾರ ಆದಮೇಲೆ ಕೊಡುವುದನ್ನು ಬಿಡಿಬಿಡಿಯಾಗಿ ಮಾಡಿ. ಎರಡು ಸಲ ಕೂತರೆ ಒಂದು ಸಲ ಕೊಡಿ. ಆಮೇಲೆ ಒಮ್ಮೆ ಮೊದಲನೇ ಸಲಕ್ಕೇ, ಒಮ್ಮೆ ನಾಲ್ಕನೇ ಸಲಕ್ಕೆ, ಒಮ್ಮೆ ಎರಡನೇ ಸಲಕ್ಕೆ. ಅವನಿಗೆ ಲೆಕ್ಕ ಸಿಗಬಾರದು. ಹೇಮಾವತಿ ಹಿನ್ನೀರಿನಲ್ಲಿ ಗಾಳ ಹಾಕಿ ಕೂತವರನ್ನು ನೋಡಿದ್ದೀರಲ್ಲ? ಪ್ರತಿ ಸಲ ಮೀನು ಸಿಗುವುದಿಲ್ಲ, ಆದರೂ ಏಳುವುದಿಲ್ಲ. ಯಾವಾಗ ಕಚ್ಚುತ್ತದೋ ಅಂತ ಕಾಯುತ್ತಾರೆ. ಸ್ಕಿನ್ನರ್ ಅನ್ನುವ ಅಮೆರಿಕದ ವಿಜ್ಞಾನಿ ಪಾರಿವಾಳ, ಇಲಿಗಳಲ್ಲಿ ಇದನ್ನೇ ವರ್ಷಗಟ್ಟಲೆ ಅಳೆದು ನೋಡಿದರು. ಯಾವಾಗಲೋ ಒಮ್ಮೆ ಸಿಗುವ ಕೂಲಿಗೆ ಕಲಿತ ಅಭ್ಯಾಸ ಸುಲಭಕ್ಕೆ ಅಳಿಯುವುದಿಲ್ಲ. ಆದರೆ ಅವಸರ ಬೇಡ. ಚೆನ್ನಾಗಿ ಬಂದ ಪಾಠಕ್ಕೆ ಮಾತ್ರ ಹೀಗೆ. ಹೊಸ ಪಾಠಕ್ಕೆ ಪ್ರತಿ ಸಲವೂ ಕೊಡಲೇಬೇಕು. ನಡುವೆ ಅವನು ತಡವರಿಸಿದರೆ, ಮುಖ ತಿರುಗಿಸಿದರೆ, ಕಡಿಮೆ ಮಾಡಿದ್ದು ಜಾಸ್ತಿ ಆಯಿತು ಅಂತ ತಿಳಿದು ಎರಡು ದಿನ ಹಿಂದಕ್ಕೆ ಹೋಗಿ.

ಇನ್ನು ಬಿಸ್ಕತ್ತಿನ ಜಾಗಕ್ಕೆ ಏನು? ತೋಟದಲ್ಲಿ ಇರುವ ನಿಮ್ಮಂಥವರ ಮೇಲೆ ನನಗೆ ಹೊಟ್ಟೆಕಿಚ್ಚು ಬರುವುದು ಇಲ್ಲೇ. ಹಾಸನದ ಬಾಡಿಗೆ ಮನೆಯಲ್ಲಿ ನಾಯಿ ಸಾಕಿದವರ ಹತ್ತಿರ ಕೊಡುವುದಕ್ಕೆ ಏನಿದೆ? ನಿಮ್ಮ ಹತ್ತಿರ ಇಡೀ ತೋಟವೇ ಇದೆ.

ಒಂದು ದಿನ ಕೆಂಚನ ಹಿಂದೆಯೇ ಇದ್ದು ನೋಡಿ. ಅವನಿಗೆ ಏನೇನು ಬೇಕು ಅಂತ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಚೈನ್ ಬಿಚ್ಚಬೇಕು. ಗೇಟು ತೆಗೆಯಬೇಕು. ನಿಮ್ಮ ಜೊತೆ ತೋಟ ಸುತ್ತಬೇಕು. ಜೀಪು ಹತ್ತಬೇಕು. ಕೆರೆ ಏರಿ ಮೇಲೆ ಓಡಬೇಕು. ಸಿಲ್ವರ್ ಓಕ್ ಬುಡದಲ್ಲಿ ರಾತ್ರಿ ಯಾವುದೋ ಪ್ರಾಣಿ ಹೋದ ವಾಸನೆ ಮೂಸಬೇಕು. ಕಾಫಿ ಕಣದಲ್ಲಿ ಮಕ್ಕಳ ಜೊತೆ ಚೆಂಡಿನ ಹಿಂದೆ ಓಡಬೇಕು. ಇವೆಲ್ಲ ಅವನಿಗೆ ಈಗ ಪುಕ್ಕಟೆ ಸಿಗುತ್ತಿವೆ. ಇನ್ನು ಮೇಲೆ ಪ್ರತಿಯೊಂದಕ್ಕೂ ಮೊದಲು ಒಂದು ಸಣ್ಣ ಕೆಲಸ ಇರಲಿ. ಗೇಟಿನ ಮುಂದೆ ನಿಂತು ‘ಕೂತ್ಕೋ’ ಅನ್ನಿ. ಕೂತರೆ ಗೇಟು ತೆರೆಯುತ್ತದೆ. ಕೂರದಿದ್ದರೆ ಬೈಗುಳ ಇಲ್ಲ, ತಳ್ಳುವುದು ಇಲ್ಲ. ಗೇಟು ತೆರೆಯುವುದಿಲ್ಲ, ಅಷ್ಟೇ. ಅರ್ಧ ನಿಮಿಷ ಬಿಟ್ಟು ಇನ್ನೊಮ್ಮೆ ಹೇಳಿ. ಮೊದಲ ದಿನ ಐದು ನಿಮಿಷ ನಿಲ್ಲಿಸುತ್ತಾನೆ. ನಾಲ್ಕನೇ ದಿನ ನೀವು ಚಿಲಕಕ್ಕೆ ಕೈ ಹಾಕುವ ಮೊದಲೇ ಕೂತಿರುತ್ತಾನೆ.

‘ಊಟ ಮುಗಿಸಿದರೆ ಆಟಕ್ಕೆ ಬಿಡ್ತೀನಿ’ ಅಂತ ಅಜ್ಜಿಯಂದಿರು ಹೇಳುತ್ತಾರಲ್ಲ, ಅದೇ ಇದು. ಜಾಸ್ತಿ ಇಷ್ಟದ ಕೆಲಸವೇ ಕಡಿಮೆ ಇಷ್ಟದ ಕೆಲಸಕ್ಕೆ ಬಹುಮಾನವಾಗುತ್ತದೆ ಅಂತ ಡೇವಿಡ್ ಪ್ರೆಮ್ಯಾಕ್ ಅನ್ನುವ ಮನಶ್ಶಾಸ್ತ್ರಜ್ಞ 1959ರಲ್ಲಿ ಬರೆದರು. ನಮ್ಮ ಮನೆಗಳಲ್ಲಿ ಅದು ಮೊದಲೇ ಗೊತ್ತಿತ್ತು. ನಾಯಿಗೆ ಹಚ್ಚಿರಲಿಲ್ಲ, ಅಷ್ಟೇ.

ದಿನದ ಊಟವನ್ನೂ ಮರೆಯಬೇಡಿ. ತಟ್ಟೆ ಕೆಳಗಿಡುವ ಮೊದಲು ಕೂರಬೇಕು, ‘ತಗೋ’ ಅನ್ನುವವರೆಗೆ ಕಾಯಬೇಕು. ಶುರುವಿಗೆ ಎರಡು ಸೆಕೆಂಡು ಕಾದರೂ ಸಾಕು. ಹೇಗೂ ಹಾಕುವ ಅನ್ನ ಅದು. ಅದರಲ್ಲೇ ದಿನಕ್ಕೆರಡು ಪಾಠ ಆಗುತ್ತದೆ, ಬಿಸ್ಕತ್ತಿನ ಖರ್ಚೂ ಇಲ್ಲ. ಅಂದಹಾಗೆ, ಮೈದಾ ಸಕ್ಕರೆಯ ಬಿಸ್ಕತ್ತು ದಿನಾ ಪೊಟ್ಟಣಗಟ್ಟಲೆ ಹಾಕುವುದು ನಾಯಿಗೆ ಒಳ್ಳೆಯದಲ್ಲ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ. ಕಾಫಿಯೂ ಅಷ್ಟೇ. ಬೀಜದಲ್ಲಿರುವ ಕೆಫೀನ್ ಅವುಗಳ ಹೃದಯಕ್ಕೆ, ನರಕ್ಕೆ ಹೊಡೆಯುತ್ತದೆ. ಕೊಯ್ಲಿನ ದಿನಗಳಲ್ಲಿ ಕಣದಲ್ಲಿ ಅವನ ಬಾಯಿಯ ಮೇಲೆ ಕಣ್ಣಿಡಿ.

ಮುಟ್ಟುವುದೂ ಒಂದು ಕೂಲಿಯೇ. ನಾಯಿಗಳಿಗೆ ಬಾಯಿಮಾತಿನ ಹೊಗಳಿಕೆಗಿಂತ ಮೈ ಸವರುವುದು ಜಾಸ್ತಿ ಇಷ್ಟ ಅಂತ ಅಮೆರಿಕದ ಇಬ್ಬರು ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ಬರೀ ಹೊಗಳಿಕೆಗೆ ನಾಯಿಗಳು ಹೆಚ್ಚು ಹೊತ್ತು ನಿಲ್ಲಲಿಲ್ಲ. ಆದರೆ ಎಲ್ಲಿ ಮುಟ್ಟುತ್ತೀರಿ ಅನ್ನುವುದು ಮುಖ್ಯ. ತಲೆಯ ಮೇಲೆ ತಟ್ಟುವುದು ನಮಗೆ ಪ್ರೀತಿ, ತುಂಬಾ ನಾಯಿಗಳಿಗೆ ಕಿರಿಕಿರಿ. ಎದೆ, ಗದ್ದದ ಕೆಳಗೆ, ಕಿವಿಯ ಬುಡ ಸವರಿ. ಮೂರು ಸೆಕೆಂಡು ಸವರಿ ಕೈ ತೆಗೆಯಿರಿ. ಮೂಗು ತಂದು ಕೈಗೆ ಒತ್ತಿದರೆ ಇನ್ನೂ ಬೇಕು ಅಂತ. ಮುಖ ತಿರುಗಿಸಿದರೆ, ಮೈ ಕೊಡವಿದರೆ ಸಾಕು ಅಂತ. ಲೈನ್ ಮನೆ ಹತ್ತಿರ ಸ್ವಂತ ಬುದ್ಧಿಯಲ್ಲಿ ಬೆಳೆದ ನಾಡುನಾಯಿಗೆ ಅಪ್ಪಿಕೊಳ್ಳುವುದು ಇಷ್ಟವಾಗದೆ ಇರಬಹುದು. ಹಾಗಿದ್ದರೆ ಅವನಿಗೆ ಮುಟ್ಟುವುದು ಕೂಲಿಯಲ್ಲ, ಕಾಟ.

ಈಗ ನಿಮ್ಮ ನಿಜವಾದ ಚಿಂತೆಗೆ ಬರುತ್ತೇನೆ. ‘ಕೈ ಕೊಡು’ ಬರದಿದ್ದರೆ ಯಾರ ಜೀವವೂ ಹೋಗುವುದಿಲ್ಲ. ‘ಬಾ’ ಹಾಗಲ್ಲ. ನಮ್ಮ ಕಡೆ, ಮೂಡಿಗೆರೆ, ಸಕಲೇಶಪುರ, ಬೇಲೂರು, ಆಲೂರು ಸುತ್ತ, ಕರೆದರೆ ಬರದ ನಾಯಿ ಹೆಚ್ಚು ದಿನ ಬಾಳುವುದಿಲ್ಲ. ಆನೆ ಇದೆ, ಚಿರತೆ ಇದೆ, ಹಂದಿಗೆ ಅಂತ ಬೇಲಿಯಲ್ಲಿ ಯಾರೋ ಕಟ್ಟಿದ ಉರುಳಿದೆ.

ನಾನು ಈ ಕೆಲಸಕ್ಕೆ ಇಳಿಯುವ ಮೊದಲು ನಮ್ಮ ಮನೆಯಲ್ಲೂ ಒಂದು ನಾಯಿ ಇತ್ತು. ಕರೆದರೆ ಬರುತ್ತಿತ್ತು, ಮೊದಲ ವರ್ಷ. ಆಮೇಲೆ ನಾವು ಅದನ್ನು ಕರೆಯುತ್ತಿದ್ದದ್ದು ಮೂರೇ ಕೆಲಸಕ್ಕೆ. ಕಟ್ಟಿಹಾಕುವುದಕ್ಕೆ, ಸ್ನಾನ ಮಾಡಿಸುವುದಕ್ಕೆ, ಮೈಗೆ ಹತ್ತಿದ ಉಣ್ಣೆಹುಳು ಕೀಳುವುದಕ್ಕೆ. ಅದು ಲೆಕ್ಕ ಹಾಕಿತು. ‘ಬಾ’ ಅಂದರೆ ದೂರ ನಿಂತು ನೋಡುತ್ತಿತ್ತು. ಒಂದು ಸಂಜೆ ಬೇಲಿ ಆಚೆ ಏನೋ ಸದ್ದಾಯಿತು, ಓಡಿತು. ಗಂಟಲು ಬಿದ್ದುಹೋಗುವ ಹಾಗೆ ಕೂಗಿದೆವು. ಮರುದಿನ ಬೆಳಿಗ್ಗೆ ಉರುಳಿನಲ್ಲಿ ಸಿಕ್ಕಿತು. ಅದನ್ನು ಬಿಡಿಸಿಕೊಂಡು ಬಂದ ಆ ಬೆಳಿಗ್ಗೆ ನನಗೆ ಇವತ್ತಿಗೂ ಮರೆತಿಲ್ಲ. ತಪ್ಪು ನಾಯಿಯದಲ್ಲ. ‘ಬಾ’ ಅನ್ನುವ ಮಾತನ್ನು ಕೈಯಾರೆ ಹಾಳು ಮಾಡಿದ್ದು ನಾವು.

ಕೆಂಚನ ‘ಬಾ’ ಕೂಡ ಈಗ ಹಾಳಾಗಿರುವ ಹಾಗಿದೆ. ಅದನ್ನು ರಿಪೇರಿ ಮಾಡುವುದಕ್ಕಿಂತ ಹೊಸ ಕರೆ ಕಲಿಸುವುದು ಸುಲಭ. ತೋಟದಲ್ಲಿ ಆಳುಗಳು ಒಬ್ಬರನ್ನೊಬ್ಬರು ಕರೆಯುವ ‘ಕೂ...’ ಬೇಡ. ಅದು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ, ಅದರಿಂದ ಅವನಿಗೆ ಏನೂ ಸಿಗುವುದಿಲ್ಲ, ಹಾಗಾಗಿ ಬೆಲೆ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಸಿಳ್ಳೆ ತನ್ನಿ. ಮೂರು ಸಲ ಗಿಡ್ಡವಾಗಿ ಊದುವುದು ಅಂತ ಇಟ್ಟುಕೊಳ್ಳಿ. ಸಿಳ್ಳೆಗೆ ಒಂದು ಒಳ್ಳೆಯ ಗುಣ ಇದೆ. ನಿಮ್ಮ ಕೋಪ, ಹೆದರಿಕೆ ಅದರಲ್ಲಿ ಕೇಳಿಸುವುದಿಲ್ಲ. ಆನೆ ಬಂದಾಗ ನಮ್ಮ ದನಿ ಎಷ್ಟು ಬದಲಾಗುತ್ತದೆ ಅಂತ ನಮಗೇ ಗೊತ್ತಾಗುವುದಿಲ್ಲ, ನಾಯಿಗೆ ಗೊತ್ತಾಗುತ್ತದೆ.

ಮೊದಲ ವಾರ ಮನೆಯೊಳಗೆ. ಅವನು ನಿಮ್ಮ ಹತ್ತಿರವೇ ಇದ್ದಾಗ ಊದಿ, ಕೂಡಲೇ ಊಟ ಹಾಕಿ. ದಿನಾ ಎರಡು ಹೊತ್ತೂ. ಅವನು ಏನೂ ಮಾಡಬೇಕಿಲ್ಲ, ಸಿಳ್ಳೆ ಅಂದರೆ ಊಟ ಅಂತ ತಲೆಯಲ್ಲಿ ಕೂತರೆ ಸಾಕು. ಎರಡನೇ ವಾರ ಜಗಲಿಯಿಂದ ಕಣಕ್ಕೆ. ಮೂರನೇ ವಾರ ಹಗ್ಗ ಹಾಕಿ ತೋಟದ ರಸ್ತೆಗೆ. ಹಗ್ಗ ಹತ್ತು ಮೀಟರ್ ಇರಲಿ, ಹಗುರವಾದ ನೈಲಾನ್ ಹಗ್ಗ ಆದೀತು. ಕತ್ತಿನ ಪಟ್ಟಿಗೆ ಕಟ್ಟಬೇಡಿ. ಓಡಿ ಹಗ್ಗದ ತುದಿ ಮುಟ್ಟಿದಾಗ ಕತ್ತಿಗೆ ಜೋರು ಎಳೆತ ಬೀಳುತ್ತದೆ. ಎದೆಗೆ ಹಾಕುವ ಬೆಲ್ಟಿಗೆ ಕಟ್ಟಿ. ನಿಮ್ಮ ಬೆರಳಿಗೂ ಸುತ್ತಿಕೊಳ್ಳಬೇಡಿ. ಈ ಹಗ್ಗ ಎಳೆದು ತರುವುದಕ್ಕಲ್ಲ. ಅವನು ಬರದೆ ಹೋಗಿ ಗೆದ್ದೆ ಅಂದುಕೊಳ್ಳುವ ಅವಕಾಶ ಇಲ್ಲದಿರುವುದಕ್ಕೆ ಮಾತ್ರ.

ಆ ಮೂರು ಗಿಡ್ಡ ಸಿಳ್ಳೆ ಸೇರಿ ಒಂದು ಕರೆ, ಅದನ್ನು ಒಂದೇ ಸಲ ಊದಬೇಕು. ಬರಲಿಲ್ಲ ಅಂದರೆ ಇನ್ನೊಮ್ಮೆ ಊದಬೇಡಿ. ‘ಬಾ ಬಾ ಬಾ ಕೆಂಚಾ ಬಾರೋ’ ಅಂತ ಹತ್ತು ಸಲ ಕೂಗಿದರೆ ಹತ್ತನೇ ಸಲಕ್ಕೆ ಬಂದರೆ ಸಾಕು ಅಂತ ಕಲಿಸಿದ ಹಾಗೆ. ಬದಲಿಗೆ ಅವನಿಗೆ ಬೆನ್ನು ಹಾಕಿ ಆಚೆ ಕಡೆ ಓಡಿ. ಇದು ವಿಚಿತ್ರ ಅನ್ನಿಸಬಹುದು. ನಾಯಿಯ ಹಿಂದೆ ನಾವು ಓಡಿದರೆ ಅದು ಆಟ, ಅವನು ಮುಂದೆ ಓಡುತ್ತಾನೆ. ನಾವು ಮುಂದೆ ಓಡಿದರೆ ಅವನು ಹಿಂದೆ ಬರುತ್ತಾನೆ.

ಬಂದಮೇಲೆ ಪಟ್ಟಿ ಹಿಡಿಯಿರಿ, ‘ಶಭಾಷ್’ ಅನ್ನಿ, ಕೂಲಿ ಕೊಡಿ, ‘ಹೋಗು’ ಅಂತ ಬಿಟ್ಟುಬಿಡಿ. ಹತ್ತು ಸಲ ಕರೆದರೆ ಒಂಬತ್ತು ಸಲ ಹೀಗೆ ಬಿಡಬೇಕು. ಬಂದರೆ ಆಟ ಮುಗಿಯುತ್ತದೆ ಅನ್ನುವ ಲೆಕ್ಕ ತಪ್ಪಬೇಕು. ಬಂದರೆ ಎದೆ ಸವರುತ್ತಾರೆ, ಮತ್ತೆ ಮೂಸುವುದಕ್ಕೆ ಬಿಡುತ್ತಾರೆ ಅಂತ ಆಗಬೇಕು. ಆಗ ಆ ‘ಹೋಗು’ ಅನ್ನುವುದೇ ದೊಡ್ಡ ಕೂಲಿಯಾಗುತ್ತದೆ. ಸ್ನಾನ, ಉಣ್ಣೆ, ಸೂಜಿ ಇದ್ದರೆ ಸಿಳ್ಳೆ ಊದಬೇಡಿ. ನೀವೇ ಎದ್ದು ಹೋಗಿ ಕರೆತನ್ನಿ.

ಕಾಡಿನ ವಾಸನೆಯ ಮುಂದೆ ಬಿಸ್ಕತ್ತು ಏನೇನೂ ಅಲ್ಲ ಅನ್ನುವುದನ್ನೂ ತಿಳಿದಿರಿ. ಬೇಟೆಯ ನೆತ್ತರಿರುವ ನಾಯಿಗೆ ಬೇಟೆಯೇ ಕೂಲಿ. ಕ್ರಿ.ಶ. 949-50ರ ಆತಕೂರು ಶಾಸನದಲ್ಲಿ ಕಾಳಿ ಅನ್ನುವ ನಾಯಿಯ ಕಥೆ ಇದೆ. ಮಣಲೇರ ಅನ್ನುವ ವೀರ ಗಂಗ ದೊರೆ ಬೂತುಗನಿಂದ ಮೆಚ್ಚುಗೆಯಾಗಿ ಕೇಳಿ ಪಡೆದ ನಾಯಿ ಅದು. ದೊಡ್ಡ ಹಂದಿಯ ಮೇಲೆ ಬಿದ್ದು, ನಾಯಿ, ಹಂದಿ ಎರಡೂ ಸತ್ತವು. ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಕೆಂಚ ಬೇಟೆಯ ತಳಿಯಲ್ಲ, ನಿಜ. ಆದರೆ ಆ ಚಪಲ ಸ್ವಲ್ಪಸ್ವಲ್ಪ ಎಲ್ಲ ನಾಯಿಯಲ್ಲೂ ಇದೆ. ಹಾಗಾಗಿ ಅಂಥ ಕಡೆಯಿಂದ ವಾಪಸ್ ಬಂದದ್ದಕ್ಕೆ ಕೊಡುವ ಕೂಲಿ ಅದಕ್ಕೆ ತಕ್ಕ ಹಾಗೆ ಇರಬೇಕು.

ಇದೇ ಕಾರಣಕ್ಕೆ ಒಂದು ಮಾತು ನೇರವಾಗಿ ಹೇಳುತ್ತೇನೆ, ನಿಮಗೆ ಇಷ್ಟವಾಗದೆ ಹೋಗಬಹುದು. ಉಳಿದ ಎಲ್ಲ ಪಾಠಕ್ಕೂ ತಿನಿಸು ನಿಲ್ಲಿಸಬಹುದು. ಈ ಸಿಳ್ಳೆಗೆ ಮಾತ್ರ ಯಾವತ್ತೂ ಪೂರ್ತಿ ನಿಲ್ಲಿಸಬೇಡಿ. ವಾರಕ್ಕೆ ಎರಡು ಮೂರು ಸಲ, ಅವನು ನಿರೀಕ್ಷೆ ಮಾಡದ ಹೊತ್ತಿನಲ್ಲಿ ಊದಿ. ಬಂದರೆ ಬಿಸ್ಕತ್ತಲ್ಲ, ಬೇಯಿಸಿದ ಕೋಳಿ, ಮೊಟ್ಟೆ, ಇಲ್ಲ ಉಪ್ಪು ತೊಳೆದ ಒಣಮೀನಿನ ಚೂರು ಕೊಡಿ. ಅವನ ಜೀವ ಉಳಿಸುವ ಕರೆಗೆ ಇದು ಜಾಸ್ತಿ ಬೆಲೆಯೇನಲ್ಲ.

ಆನೆಯ ವಿಷಯ ಬೇರೆ. ಆನೆ ಇದೆ ಅಂತ ಸುದ್ದಿ ಬಂದ ದಿನ ಯಾವ ತರಬೇತಿಯನ್ನೂ ನಂಬಬೇಡಿ, ಕೆಂಚನನ್ನು ಬಿಡಬೇಡಿ. ನಾಯಿ ಬೊಗಳುತ್ತಾ ಆನೆ ಹತ್ತಿರ ಹೋಗುತ್ತದೆ. ಆನೆ ತಿರುಗಿಬಿದ್ದರೆ ಹೆದರಿ ಓಡಿಬರುವುದು ಯಜಮಾನರ ಕಾಲ ಬುಡಕ್ಕೇ. ಆನೆ ಅದರ ಬೆನ್ನಿಗೇ ಇರುತ್ತದೆ. ಅವನು ಆಗಲೇ ಆನೆ ಮುಂದೆ ಇದ್ದರೆ ಸಿಳ್ಳೆ ಊದಿ ನಿಮ್ಮ ಕಡೆ ಕರೆಯಬೇಡಿ. ಮೊದಲು ನೀವು ಒಳಗೆ ಹೋಗಿ, ಬಾಗಿಲು ಭದ್ರ ಮಾಡಿ. ಹೋದ ತಿಂಗಳು ಕೆಂಚ ಬರಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಅವತ್ತು ಬರದೇ ಇದ್ದದ್ದೇ ನಿಮಗೆ ಒಳ್ಳೆಯದಾಗಿರಬಹುದು. ಚಿರತೆಗೂ ಅಷ್ಟೇ, ಕತ್ತಲಾದ ಮೇಲೆ ನಾಯಿ ಒಳಗೆ ಇರಲಿ. ಅಂಗಳದಲ್ಲಿ ಚೈನಿಗೆ ಕಟ್ಟಿದ ನಾಯಿಗೆ ಓಡುವುದಕ್ಕೂ ಆಗುವುದಿಲ್ಲ.

ನಿಮ್ಮ ತಂದೆಯವರ ಮಾತಿಗೆ ಬರುತ್ತೇನೆ. ಅವರ ಮೇಲೆ ನನಗೆ ಬೇಸರವಿಲ್ಲ. ನಮ್ಮ ಹಿರಿಯರು ಎಲ್ಲರೂ ಹೀಗೇ ಕಲಿತವರು. ‘ಯಜಮಾನ ಯಾರು ತೋರಿಸು’ ಅನ್ನುವುದಕ್ಕೆ ಪುಸ್ತಕದ ಬೆಂಬಲವೂ ಒಂದು ಕಾಲಕ್ಕೆ ಇತ್ತು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ, ತೋಳಗಳು ಮೇಲುಗೈಗಾಗಿ ಸದಾ ಕಾದಾಡುತ್ತವೆ ಅಂತ ಬರೆದರು. ಅಲ್ಲಿಂದ ಅದು ನಾಯಿಗೂ ಬಂತು. ಆದರೆ ಅವು ಬೋನಿನಲ್ಲಿ ಒಟ್ಟಿಗೆ ಕೂಡಿಹಾಕಿದ ತೋಳಗಳು. ಡೇವಿಡ್ ಮೆಕ್ ಅನ್ನುವ ಅಮೆರಿಕದ ವಿಜ್ಞಾನಿ ಕೆನಡಾದ ಕಾಡುತೋಳಗಳ ಜೊತೆ ವರ್ಷಗಟ್ಟಲೆ ಇದ್ದು, 1999ರಲ್ಲಿ ಬೇರೆಯೇ ಬರೆದರು. ಕಾಡಿನ ತೋಳದ ಗುಂಪು ಅಂದರೆ ಬಹುಪಾಲು ಒಂದು ಸಂಸಾರ. ಅಪ್ಪ, ಅಮ್ಮ, ಮಕ್ಕಳು. ಮಕ್ಕಳು ಹಿಂದೆ ಬರುವುದು ಹೊಡೆತಕ್ಕಲ್ಲ, ಊಟ, ದಾರಿ ಎರಡೂ ಅವರ ಹತ್ತಿರ ಇದೆ ಅಂತ. ಇದನ್ನು ಅಪ್ಪನಿಗೆ ಓದಿ ಹೇಳಿ. ಆಮೇಲೆ ಒಂದು ಪ್ರಶ್ನೆ ಕೇಳಿ. ಕೆಂಚ ಹತ್ತು ನಿಮಿಷ ತಡವಾಗಿ ಬಂದ, ನಾಲ್ಕು ಬಿಗಿದೆವು. ಅವನು ಕಲಿತದ್ದು ಏನು? ತಡ ಮಾಡಬಾರದು ಅಂತಲ್ಲ. ಹತ್ತಿರ ಬಂದರೆ ಹೊಡೆಯುತ್ತಾರೆ ಅಂತ. ಹೊಡೆತ ಬಿದ್ದದ್ದು ಬಂದಮೇಲೆ ಅಲ್ವಾ?

ಕರೆಂಟ್ ಕಾಲರ್ ಖಂಡಿತ ಬೇಡ. ಅದು ಹೊಡೆದ ಕ್ಷಣ ಅವನ ಕಣ್ಣಿಗೆ ಏನು ಬಿದ್ದಿತ್ತೋ ಅದಕ್ಕೇ ಹೆದರುತ್ತಾನೆ. ಅದು ಕೆಲಸದ ಆಳಿನ ಮಗು ಆಗಿರಬಹುದು. ಹೆದರಿದ ನಾಯಿ ಕಚ್ಚುತ್ತದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ 2010ರಿಂದಲೇ ಇಂಥ ಕಾಲರ್ ನಿಷೇಧ. ನಮ್ಮಲ್ಲೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಾಣಿಯನ್ನು ಹೊಡೆದು ನೋವು ಕೊಡುವುದು ಅಪರಾಧ. ವ್ಯಾಯಾಮ ಕೊಡದೆ ನಾಯಿಯನ್ನು ಸದಾ ಚೈನಿನಲ್ಲೇ ಕಟ್ಟಿಡುವುದೂ ಅದೇ ಕಾಯ್ದೆಯಲ್ಲಿ ಅಪರಾಧ. ಎಷ್ಟೋ ತೋಟಗಳಲ್ಲಿ ನಾಯಿ ಬೆಳಗಿನಿಂದ ಸಂಜೆವರೆಗೆ ಕಟ್ಟಿದಲ್ಲೇ ಇರುತ್ತದೆ. ಅಂಥ ನಾಯಿ ಬಿಚ್ಚಿದ ಕೂಡಲೇ ಹುಚ್ಚೆದ್ದು ಓಡದೆ ಇನ್ನೇನು ಮಾಡುತ್ತದೆ?

ಕೆಂಚನ ವಯಸ್ಸೂ ಒಂದು ಕಾರಣ. 14 ತಿಂಗಳು ಅಂದರೆ ಪ್ರಾಯ ಇನ್ನೂ ಪೂರ್ತಿ ಇಳಿದಿಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 5 ತಿಂಗಳಲ್ಲಿ ಮಾತು ಕೇಳುತ್ತಿದ್ದ ಮರಿಗಳು 8 ತಿಂಗಳಿಗೆ ಸಾಕಿದವರ ಮಾತನ್ನೇ ಕಡಿಮೆ ಕೇಳಿದವು. ಬೇರೆಯವರ ಮಾತು ಕೇಳಿದವು! ದೊಡ್ಡವಾದ ಮೇಲೆ ಮತ್ತೆ ಸರಿಹೋದವು. ನಮ್ಮ ಮಕ್ಕಳ ಹಾಗೇ.

ಇನ್ನೊಂದು, ಮನೆಯವರೆಲ್ಲರ ಮಾತೂ ಒಂದೇ ಇರಲಿ. ನೀವು ‘ಕೂತ್ಕೋ’, ಅಪ್ಪ ‘ಕುಕ್ಕುರ್ಸು’, ಮಕ್ಕಳು ‘ಸಿಟ್’, ತೋಟದ ಲೆಕ್ಕ ಬರೆಯುವ ರೈಟರು ಬೇರೇನೋ ಅಂದರೆ ಅವನು ಯಾವುದನ್ನು ಹಿಡಿಯಬೇಕು? ಐದು ಮಾತು ಸಾಕು. ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ. ಗೇಟಿನ ಪಾಠ ಅಪ್ಪನಿಗೇ ಬಿಟ್ಟುಕೊಡಿ. ನಾಲ್ಕನೇ ದಿನ ಅವರು ಹೇಳುವ ಮೊದಲೇ ಕೆಂಚ ಕೂತರೆ, ನನ್ನ ಪತ್ರಕ್ಕಿಂತ ಅದು ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಇಷ್ಟೆಲ್ಲ ಮಾಡುವ ಮೊದಲು ಒಮ್ಮೆ ಡಾಕ್ಟರಿಗೆ ತೋರಿಸಿ. ಕಿವಿ ಸೋಂಕು, ಉಣ್ಣೆ ಜ್ವರ, ಕಾಲು ನೋವು ಇದ್ದರೂ ನಾಯಿ ಮಾತು ಕೇಳುವುದಿಲ್ಲ. ಮಲೆನಾಡಿನಲ್ಲಿ ಉಣ್ಣೆಗೆ ಕೊರತೆಯಿಲ್ಲ. ಹತ್ತಿರದ ಪಶು ಆಸ್ಪತ್ರೆ ಸಾಕು. ರಕ್ತ ಪರೀಕ್ಷೆ ಬೇಕು ಅಂದರೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಒಮ್ಮೆ ಕರೆದುಕೊಂಡು ಹೋಗಿ. ಹುಚ್ಚುನಾಯಿ ರೋಗದ ಲಸಿಕೆಯ ವರ್ಷ ಮುಗಿದಿದ್ದರೆ ಅದನ್ನೂ ಹಾಕಿಸಿಕೊಂಡು ಬನ್ನಿ.

ಬೆಳ್ಳಿಗೂ ಧಾರಾಳವಾಗಿ ಕಲಿಸಿ. ವಯಸ್ಸಾದ ನಾಯಿ ಕಲಿಯುವುದಿಲ್ಲ ಅನ್ನುವುದು ಸುಳ್ಳು. ಮೊದಲು ಇಬ್ಬರಿಗೂ ಬೇರೆಬೇರೆಯಾಗಿ, ಒಂದು ಸಲಕ್ಕೆ ಐದು ನಿಮಿಷ. ಒಬ್ಬರಿಗೆ ಪಾಠ ಆಗುವಾಗ ಇನ್ನೊಬ್ಬರು ಒಳಗಿರಲಿ, ಇಲ್ಲದಿದ್ದರೆ ಡಬ್ಬಿಗೆ ಜಗಳ ಶುರುವಾಗುತ್ತದೆ. ಸೊಂಟ, ಮಂಡಿ ನೋವಿದ್ದರೆ ಅವಳಿಂದ ಪದೇಪದೇ ‘ಕೂತ್ಕೋ’ ಮಾಡಿಸಬೇಡಿ, ‘ನಿಲ್ಲು’ ಸಾಕು. ಅವಳಿಗೆ ಪ್ರತಿ ಮಾತಿನ ಜೊತೆ ಒಂದು ಕೈಸನ್ನೆಯನ್ನೂ ಈಗಲೇ ಕಲಿಸಿಡಿ. ಇನ್ನೆರಡು ಮೂರು ವರ್ಷಕ್ಕೆ ಕಿವಿ ಮಂದವಾದರೂ ಜಗಲಿಯಿಂದ ನೀವು ಕೈ ಎತ್ತಿದ್ದು ಅವಳಿಗೆ ಕಾಣಿಸುತ್ತದೆ.